ಅತ್ತಿಗೆ ಹಾಡಿದ ದಾರಿ

ನಮ್ಮ ಊರಿನಲ್ಲಿ ಹಾಡಿಲ್ಲದೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಪೆಟ್ರೋಲ್ ತುಂಬಿಸಿ, ಕೀ ತಿರುಗಿಸಿ, ಎಂಜಿನ್ ಎಷ್ಟೇ ಗುರುಗುಟ್ಟಿದರೂ ಒಳಗೆ ಯಾರಾದರೂ ಹಾಡುತ್ತಿರಬೇಕು, ಇಲ್ಲವೇ ಟೇಪ್ ರೆಕಾರ್ಡರೋ ರೇಡಿಯೋನೋ ಹಾಡುತ್ತಿರಬೇಕು. ಹಾಡು ನಿಂತರೆ ಗಾಡಿಯೂ ನಿಲ್ಲುತ್ತದೆ. ಏರಿನಲ್ಲಾದರೂ ಅಷ್ಟೇ, ಇಳಿಜಾರಿನಲ್ಲಾದರೂ ಅಷ್ಟೇ. ಮಾತಿಗೆ ಅದು ಕದಲುವುದಿಲ್ಲ, ಬರೀ ತಾಳಕ್ಕೂ ಕದಲುವುದಿಲ್ಲ, ಗುನುಗಿದರೆ ಸಾಕು. ಸೈಕಲ್ಲಿಗೆ, ಎತ್ತಿನ ಗಾಡಿಗೆ ಈ ಕಟ್ಟುಪಾಡಿಲ್ಲ. ಗುಡ್ಡ ಇಳಿದು ಹಳದಿ ಬಣ್ಣದ ಸೇತುವೆ ದಾಟಿದ ಮೇಲೂ ಇಲ್ಲ. ಅಲ್ಲಿಂದಾಚೆ ಗಾಡಿಗಳು ಎಲ್ಲ ಊರಿನ ಗಾಡಿಗಳ ಹಾಗೆ ಸುಮ್ಮನೆ ಓಡುತ್ತವೆ.

ಹೀಗಾಗಿ ನಮ್ಮ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತುವ ಮೊದಲು ಟೇಪನ್ನು ಬಿಚ್ಚಿ ನೋಡುತ್ತಾರೆ. ಬೈಕಿನವರು ಹೆಲ್ಮೆಟ್ಟಿನೊಳಗೇ ಗುನುಗುತ್ತಾರೆ. ಅವರೆಲ್ಲ ಸಿಗ್ನಲ್ಲಿನಲ್ಲಿ ಒಟ್ಟಿಗೆ ನಿಂತರೆ ಜೇನುಗೂಡಿನ ಪಕ್ಕ ನಿಂತ ಹಾಗಿರುತ್ತದೆ. ಜಗಳವಾಡಿದ ಗಂಡ ಹೆಂಡತಿ ರಸ್ತೆ ಪಕ್ಕದಲ್ಲಿ ಸ್ಕೂಟರಿನ ಮೇಲೆ ಮುಖ ಊದಿಸಿಕೊಂಡು ಕೂತಿರುವುದು ನಮ್ಮಲ್ಲಿ ದಿನವೂ ಕಾಣುವ ನೋಟ. ಇಬ್ಬರಲ್ಲಿ ಯಾರು ಸೋತು ಮೊದಲು ಹಾಡುತ್ತಾರೆಂಬುದು ಬೀಡಾ ಅಂಗಡಿಯವನಿಗೆ ಮೊದಲೇ ಗೊತ್ತಿರುತ್ತದೆ. ಮಾರ್ಕೆಟ್ ಬಸ್ಸಿನ ಡ್ರೈವರ್ ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದೇ ಕ್ಯಾಸೆಟ್ ಹಾಕುತ್ತಿದ್ದ. "ಎರಡನೇ ಹಾಡಿನ ಕೊನೇ ಚರಣಕ್ಕೆ ಇಳೀತೀನಿ" ಎಂದರೆ ಸಾಕು, ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಿದ್ದ.

ಹಾಡಿದ್ದರೆ ಗಾಡಿ ಓಡುತ್ತದೆ, ಸರಿ. ಓಡಿಸುವವರ ಗಮನ ಎಲ್ಲಿರುತ್ತದೆ ಎನ್ನುವುದೇ ತೊಂದರೆ. ಜೋರು ಲಯದ ಹಾಡು ಹಾಕಿದರೆ ಕಾಲು ತಾನಾಗಿ ಆಕ್ಸಿಲರೇಟರನ್ನು ಒತ್ತುತ್ತದೆ. ಜೋಗುಳದಂಥದ್ದು ಹಾಕಿದರೆ ರೆಪ್ಪೆ ಭಾರವಾಗುತ್ತದೆ. ಹೊಸ ಹಾಡಾದರೆ ಮನಸ್ಸು ಅದರ ಮಾತನ್ನು ಹಿಡಿಯಲು ಹೋಗಿ ಮುಂದಿನ ಎಮ್ಮೆಯನ್ನು ಮರೆಯುತ್ತದೆ. ಅದಕ್ಕೇ ನಮ್ಮ ಡ್ರೈವರುಗಳು ಪ್ರತಿಯೊಬ್ಬರೂ ಒಂದು ಸವೆದ ಹಾಡನ್ನು ಇಟ್ಟುಕೊಂಡಿರುತ್ತಾರೆ. ಸವೆದ ಹಾಡು ಎಂದರೆ ಕೇಳಿ ಕೇಳಿ ಕಿವಿಗೆ ಬಿದ್ದರೂ ಕೇಳಿಸದಂತಾದ ಹಾಡು. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಲೈಸೆನ್ಸ್ ಇದೆಯೇ ಎಂದು ಕೇಳಿದ ಮೇಲೆ, ಸವೆದ ಹಾಡು ಯಾವುದು ಎಂದೂ ಕೇಳುತ್ತಾರೆ. ಅದನ್ನು ಕೇಳಿದರೆ ಹುಡುಗನ ಸ್ವಭಾವ ತಿಳಿಯುತ್ತದಂತೆ.

ನನಗೆ ಯಾವ ಹಾಡೂ ಸವೆಯುತ್ತಿರಲಿಲ್ಲ. ನಾನು ಮಂದಾಕಿನಿ. ಚಿಕ್ಕಂದಿನಿಂದ ಸಂಗೀತ ಕಲಿತವಳು, ಮದುವೆಯಾದ ಮೇಲೆ ಮನೆಯ ಮುಂದಿನ ಹಾಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಸಾವಿರ ಸಲ ಕೇಳಿದ ಕೀರ್ತನೆಯಲ್ಲೂ ನನ್ನ ಕಿವಿ ಇನ್ನೊಂದು ಎಳೆಯನ್ನು ಹುಡುಕಿಕೊಳ್ಳುತ್ತಿತ್ತು. ನನ್ನ ಗಂಡ ಪದ್ಮನಾಭ ಕನ್ನಡಕದ ಅಂಗಡಿ ಇಟ್ಟಿದ್ದರು. ಅವರಿಗೆ ಸಂಗೀತ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬ ಬೇಜಾರೂ ಇರಲಿಲ್ಲ. ಅವರ ಸವೆದ ಹಾಡು ರೇಡಿಯೋದಲ್ಲಿ ಹಿಂದೆ ಬರುತ್ತಿದ್ದ ಹಲ್ಲುಪುಡಿಯ ಜಾಹೀರಾತು. ಅದನ್ನೇ ಗುನುಗಿಕೊಂಡು ಅವರು ಇಪ್ಪತ್ತಾರು ತಿರುವಿನ ಗುಡ್ಡವನ್ನು ಹತ್ತಿ ಇಳಿಯುತ್ತಿದ್ದರು. ಪಕ್ಕದಲ್ಲಿ ಕೂತ ನಾನು, "ರೀ, ಇದು ಮೋಹನ ರಾಗ ಗೊತ್ತಾ" ಎಂದರೆ, "ಹಲ್ಲುಪುಡಿ ಕಣೇ" ಎಂದು ನಗುತ್ತಿದ್ದರು.

ನಮ್ಮ ಜೊತೆ ಅವರ ಅಕ್ಕ ಇದ್ದರು. ಅಂಬಾಬಾಯಿ ಎಂದು ಹೆಸರು. ಊರೆಲ್ಲ ಅಂಬಕ್ಕ ಎನ್ನುತ್ತಿತ್ತು, ನಾನು ಅತ್ತಿಗೆ ಎನ್ನುತ್ತಿದ್ದೆ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಬೆಳೆಸಿದವರು ಅವರೇ. ಮದುವೆಯಾಗಲಿಲ್ಲ. ನಾನು ಪಾಠಕ್ಕೆ ಶ್ರುತಿ ಪೆಟ್ಟಿಗೆ ಹಚ್ಚಿದ ಕೂಡಲೇ ಅವರು ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದರು. "ನಂಗೆ ಅದೆಲ್ಲ ತಿಳಿಯೋಲ್ಲಮ್ಮ" ಎನ್ನುತ್ತಿದ್ದರು. ಅವರು ಗುನುಗಿದ್ದನ್ನೂ ನಾನು ಕೇಳಿರಲಿಲ್ಲ.

ನನ್ನ ಗಂಡನ ಕಾಲು ಊದತೊಡಗಿದಾಗ ನಾವು ಅದನ್ನು ನಿಂತು ನಿಂತು ಮಾಡುವ ಕೆಲಸದ ಆಯಾಸವೆಂದುಕೊಂಡೆವು. ಆಮೇಲೆ ಮುಖ ಊದಿತು, ಊಟ ಸೇರದಾಯಿತು. ಸೇತುವೆಯ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಕಿಡ್ನಿ ಎರಡೂ ಕೈಕೊಟ್ಟಿವೆ, ವಾರಕ್ಕೆ ಮೂರು ಸಲ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು ಎಂದರು. ಹೋಗುವಾಗ ಅವರೇ ಕಾರು ಓಡಿಸಬಹುದಿತ್ತು. ಬರುವಾಗ ಆಗುತ್ತಿರಲಿಲ್ಲ. ಮೆಷಿನ್ನಿನಿಂದ ಎದ್ದವರು ಒಗೆದು ಹಿಂಡಿದ ಬಟ್ಟೆಯ ಹಾಗಿರುತ್ತಿದ್ದರು. ಬಸ್ಸಿನಲ್ಲಿ ಬರೋಣವೆಂದರೆ ಸೀಟು ಸಿಗದೆ, ಕಂಬಿ ಹಿಡಿದು ನಿಂತಲ್ಲೇ ತಲೆಸುತ್ತು ಬಂದು ಕುಸಿದರು. ಅದಾದ ಮೇಲೆ ಟ್ಯಾಕ್ಸಿ ಇಲಿಯಾಸ್ ನಮ್ಮ ಕೈ ಹಿಡಿದರು. ಬೇರೆ ಬಾಡಿಗೆ ಬಿಟ್ಟು ಬರುತ್ತಿದ್ದರು, ಆಸ್ಪತ್ರೆಯ ಹೊರಗೆ ಮಧ್ಯಾಹ್ನವೆಲ್ಲ ಕಾಯುತ್ತಿದ್ದರು. ಅವರ ಉಪಕಾರವನ್ನು ನಾನು ಈಗಲೂ ನೆನೆಯುತ್ತೇನೆ. ಆದರೆ ಅವರಿಗೂ ಸಂಸಾರವಿತ್ತು, ಸ್ಕೂಲ್ ಮಕ್ಕಳನ್ನು ಬಿಡುವ ಕೆಲಸವಿತ್ತು.

"ನೀನೇ ಕಲಿತುಬಿಡು ಮಂದಾ" ಎಂದರು ನನ್ನ ಗಂಡ.

"ನನ್ನ ಕಿವಿ ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಕಲಿ."

ಡ್ರೈವಿಂಗ್ ಸ್ಕೂಲಿನ ಲಿಗೋರಿ ಮಾಸ್ಟರು ತಾಳ್ಮೆಯ ಮನುಷ್ಯ. ಸೇತುವೆಯ ಆಚೆ, ಹಾಡು ಬೇಡದ ಮೈದಾನದಲ್ಲಿ ನನಗೆ ಕ್ಲಚ್, ಗೇರು, ಸ್ಟೀರಿಂಗ್ ಎಲ್ಲ ಹೇಳಿಕೊಟ್ಟರು. ಅಲ್ಲಿ ನಾನು ಚೆನ್ನಾಗಿಯೇ ಓಡಿಸಿದೆ. "ಕೈ ಕಾಲು ಪಾಸು, ಇನ್ನು ಕಿವಿ ಪಾಸಾಗಬೇಕು" ಎಂದು ಊರೊಳಗೆ ಕರೆತಂದರು. ಅವರ ಕಾರಿನಲ್ಲಿ ಕಲಿಯುವವರಿಗೆಂದೇ ಇಟ್ಟ, ಯಾರಿಗೂ ಬೇಡವಾದ ಒಂದು ಕ್ಯಾಸೆಟ್ ಇತ್ತು. ಹಾಡುವವನ ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಅವನು ಇನ್ನೇನು ಮತ್ತೆ ಜಾರುತ್ತಾನೆ ಎಂದು ನಾನು ಉಸಿರು ಬಿಗಿಹಿಡಿದು ಕಾದು, ಅವನು ಜಾರಿದಾಗ ಕಾರನ್ನೂ ಜಾರಿಸಿ, ಕಬ್ಬಿನ ಹಾಲಿನ ಅಂಗಡಿಯ ಮುಂದೆ ಒರಗಿಸಿಟ್ಟಿದ್ದ ಕಬ್ಬಿನ ಕಟ್ಟಿಗೆ ಗುದ್ದಿದೆ. ಅಂಗಡಿಯವನು ಮುರಿದ ಕಬ್ಬನ್ನೇ ಅರೆದು ನನಗೊಂದು ಲೋಟ, ಮಾಸ್ಟರಿಗೊಂದು ಲೋಟ ಕೊಟ್ಟ. "ಸುಧಾರಿಸ್ಕೊಳ್ಳಿ ಅಕ್ಕಾ, ಎಲ್ರಿಗೂ ಮೊದಲ್ನೇ ಸಲ ಹಿಂಗೇನೇ" ಎಂದ.

ಎರಡನೆಯ ಸಲ, ಮೂರನೆಯ ಸಲವೂ ಹಾಗೆಯೇ ಆಯಿತು. ಗೊತ್ತಿಲ್ಲದ ಭಾಷೆಯ ಹಾಡು ಹಾಕಿದರೆ, ಮಾತು ತಿಳಿಯದ ಕಾರಣ ಮನಸ್ಸು ಪೂರ್ತಿ ಸ್ವರದ ಹಿಂದೆಯೇ ಹೋಯಿತು. ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಹಿಂದೆ ಕೂರಿಸಿ ಹಾಡಿಸಿದರೆ, ಅವಳ ತಪ್ಪು ತಿದ್ದಲು ಕತ್ತು ಹಿಂದಕ್ಕೆ ತಿರುಗಿಸಿದೆ. ಮಾಸ್ಟರು ಹ್ಯಾಂಡ್ ಬ್ರೇಕ್ ಎಳೆಯದಿದ್ದರೆ ಮೋರಿಯಲ್ಲಿರುತ್ತಿದ್ದೆವು. ನಾನೇ ಹಾಡಿಕೊಂಡರಂತೂ ರಸ್ತೆಯೇ ಕಾಣುತ್ತಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಲೈಸೆನ್ಸ್ ಪರೀಕ್ಷೆಗೆ ಹೋದೆ. ಆಫೀಸರಮ್ಮ ಹತ್ತಿ ತೆಗೆಸಿ, "ಹಾರನ್ ಕೇಳಿಸಬೇಡವೇನ್ರಿ" ಎಂದರು. ತೆಗೆದ ಮೇಲೆ ನಾನು ಹಸಿರು ದೀಪದಲ್ಲಿ ನಿಂತುಬಿಟ್ಟೆ.

"ಯಾಕೆ ನಿಲ್ಸಿದ್ರಿ?"

"ಪಲ್ಲವಿ ಮುಗೀಲಿ ಅಂತ, ಮೇಡಂ."

ಆಫೀಸರಮ್ಮ ನಗಲಿಲ್ಲ. "ನೀವು ಒಳ್ಳೆ ಸಂಗೀತಗಾರ್ತಿ ಅಂತ ಕೇಳಿದೀನಿ. ನನ್ನ ತಂಗಿ ಮಗಳು ನಿಮ್ಮ ಹತ್ರಾನೇ ಕಲೀತಿದಾಳೆ. ಆದ್ರೆ ನಿಮ್ಮ ಕೈಗೆ ಗಾಡಿ ಕೊಟ್ರೆ ನಾನು ತಪ್ಪು ಮಾಡ್ದಂಗಾಗತ್ತೆ" ಎಂದು ಮೆತ್ತಗೆ ಹೇಳಿ ಕಳಿಸಿದರು.

ಆ ಸಂಜೆ ನನ್ನ ಗಂಡ ಬೀರುವಿನಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟರು. ಹಿಂದೆ ಯಾವಾಗಲೋ ಮಳೆಗಾಲದಲ್ಲಿ ಗಂಟಲು ಕಟ್ಟಿದಾಗ ಬೇಕಾಗುತ್ತದೆಂದು ಅವರೇ ಹಲ್ಲುಪುಡಿಯ ಹಾಡನ್ನು ಮತ್ತೆ ಮತ್ತೆ ಗುನುಗಿ ತುಂಬಿಸಿಟ್ಟಿದ್ದ ಕ್ಯಾಸೆಟ್ಟು. "ಇಷ್ಟು ವರ್ಷ ನನ್ನ ಪಕ್ಕ ಕೂತು ಕೇಳಿದೀಯಲ್ಲ, ನಿಂಗೂ ಸವೆದಿರುತ್ತೆ" ಎಂದರು. ನಾನು ಅದನ್ನು ಕಾರಿನಲ್ಲಿ ಇಟ್ಟುಕೊಂಡೆ.

ಅದರ ಮುಂದಿನ ವಾರ ಇಲಿಯಾಸರ ಮಗಳಿಗೆ ಹೆರಿಗೆ ನೋವು ಬಂದು ಅವರು ಅವಳ ಊರಿಗೆ ಹೋದರು. ಹೋಗುವಾಗ ತಮ್ಮ ಬದಲಿಗೆ ಒಬ್ಬನನ್ನು ಹೇಳಿಯೇ ಹೋಗಿದ್ದರು, ಅವನು ಬರಲಿಲ್ಲ. ಒಂದು ಸರದಿ ತಪ್ಪಿತು. ಮರುದಿನ ಬೆಳಿಗ್ಗೆ ನನ್ನ ಗಂಡನಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಎದ್ದು ಕೂತರೂ ಗೊರಗೊರ ಎನ್ನುತ್ತಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ, "ತಡ ಮಾಡ್ಬೇಡಿ, ಹೇಗಾದ್ರೂ ಕರ್ಕೊಂಡು ಬನ್ನಿ" ಎಂದರು. ಊರಿನ ಆಂಬುಲೆನ್ಸ್ ಆಗಲೇ ಯಾರನ್ನೋ ಹೊತ್ತು ಗುಡ್ಡ ಇಳಿದಿತ್ತು. ಲಿಗೋರಿ ಮಾಸ್ಟರು ಕಲಿಯುವವರ ಜೊತೆ ಕೆರೆಯ ಕಡೆ ಹೋಗಿದ್ದರು. ಹುಡುಕಿಸುತ್ತಾ ಕೂರುವಷ್ಟು ಹೊತ್ತಿರಲಿಲ್ಲ.

"ನಡಿ, ನೀನೇ ಬಿಡು" ಎಂದರು ಅತ್ತಿಗೆ. ಅವರು ಆಗಲೇ ದಿಂಬು, ನೀರಿನ ಬಾಟಲಿ, ತಮ್ಮನ ಫೈಲು ಎತ್ತಿಕೊಂಡಿದ್ದರು. ಇಬ್ಬರೂ ಸೇರಿ ಅವರನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿದೆವು. ಅತ್ತಿಗೆ ಅವರ ಪಕ್ಕ ಕೂತು ಭುಜ ಕೊಟ್ಟರು. ನಾನು ಆ ಕ್ಯಾಸೆಟ್ ಹಾಕಿದೆ.

ಊರೊಳಗೆ ಹೇಗೋ ದಾಟಿದೆ. ಗುಡ್ಡದ ರಸ್ತೆ ಶುರುವಾದ ಕೂಡಲೇ ನನಗೆ ಆ ದನಿ ಕೇಳತೊಡಗಿತು. ರಾಗವಲ್ಲ, ರಾಗವನ್ನು ಅವತ್ತು ನಾನು ಗಮನಿಸಲೇ ಇಲ್ಲ. ಗಟ್ಟಿಯಾದ, ಹೊಟ್ಟೆ ತುಂಬ ಉಂಡ ಗಂಡಸಿನ ನಿಶ್ಚಿಂತೆಯ ದನಿ. ನಡುವೆ ಒಂದು ಕಡೆ ಅವರು ಕೆಮ್ಮಿ, ನಕ್ಕು, ಮತ್ತೆ ಮೊದಲಿಂದ ಶುರು ಮಾಡಿದ್ದರು. ಮುಂದೆ ಟೇಪಿನೊಳಗೆ ಅವರು ನಗುತ್ತಿದ್ದರು, ಹಿಂದೆ ಅದೇ ಮನುಷ್ಯ ಉಸಿರಿಗೆ ಒದ್ದಾಡುತ್ತಿದ್ದರು. ನನ್ನ ಕಣ್ಣು ರಸ್ತೆಯ ಮೇಲಿತ್ತು, ಆದರೆ ನಾನು ರಸ್ತೆಯಲ್ಲಿರಲಿಲ್ಲ. ಹಾರನ್ ಕೂಗಿದ್ದು ಕೇಳಿ ಎಚ್ಚರವಾದಾಗ ಇಟ್ಟಿಗೆಯ ಲಾರಿಯೊಂದು ಎದುರಿಗೇ ಇತ್ತು. ಸ್ಟೀರಿಂಗನ್ನು ಎಡಕ್ಕೆ ಎಳೆದು, ಟೇಪನ್ನು ಆಫ್ ಮಾಡಿದೆ. ಹಾಡು ನಿಂತು ಕಾರು ಅಲ್ಲೇ ನಿಂತಿತು. ಲಾರಿ ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು. ಎಡಗಡೆಯ ಚಕ್ರದ ಪಕ್ಕದಲ್ಲಿ ತಡೆಗೋಡೆಯ ಕಲ್ಲುಗಳು, ಅವುಗಳ ಆಚೆ ಬರೀ ಗಾಳಿ.

ಮತ್ತೆ ಟೇಪ್ ಹಾಕಲು ಬೆರಳು ಮುಂದೆ ಹೋಗಲಿಲ್ಲ. ಹಾಕದಿದ್ದರೆ ಕಾರು ಹೋಗುವುದಿಲ್ಲ, ಹಾಕಿದರೆ ನಾನು ಇವರನ್ನು ಕೊಲ್ಲುತ್ತೇನೆ. "ನನ್ನ ಕೈಲಾಗಲ್ಲ ಅತ್ತಿಗೆ" ಎಂದೆ.

ಅತ್ತಿಗೆ ತಮ್ಮನ ಬೆನ್ನಿಗೆ ದಿಂಬು ಕೊಟ್ಟು, ಇಳಿದು, ಸುತ್ತು ಹಾಕಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಮುಂದಿನ ಹಲಗೆಯನ್ನು ಹಿಡಿದರು. "ನಂಗೆ ಹಾಡೋಕೆ ಬರಲ್ಲ. ಆಮೇಲೆ ಬೇಕಾದ್ರೆ ಬೈಯ್ಕೋ" ಎಂದರು. ಆಮೇಲೆ ರಸ್ತೆಯನ್ನು ನೋಡುತ್ತಾ ದನಿ ತೆಗೆದರು.

"ಮುಂದೆ ತಿರುವು ಮಂದಾ, ಬಲಕ್ಕೆ ತಿರುವು ಮಂದಾ, ಮಂದ ಬಾರೇ ಮಂದಾ, ಕಲ್ಲು ಬಿದ್ದಿದೆ ಮಂದಾ."

ಒಡೆದ ಮಡಕೆಯ ಹಾಗಿತ್ತು ಅವರ ದನಿ. ಅದರಲ್ಲಿ ರಾಗವೆನ್ನುವಂಥದ್ದಿರಲಿಲ್ಲ, ತೊಟ್ಟಿಲು ತೂಗುವಂಥ ಒಂದು ಎಳೆತವಿತ್ತು ಅಷ್ಟೇ. ಆದರೆ ಕಾರು ಅದನ್ನು ಹಾಡೆಂದು ಒಪ್ಪಿಕೊಂಡಿತು. ನಾನು ಗೇರು ಹಾಕಿದೆ. ತಿರುವು ಬಂತು, ತಿರುಗಿಸಿದೆ. ಕಲ್ಲು ಕಂಡಿತು, ತಪ್ಪಿಸಿದೆ.

"ಎದುರು ಟೆಂಪೋ ಬಂತು, ಹೊಟ್ಟೆ ತುಂಬ ಕೋಳಿ, ದಾರಿ ಬಿಡೇ ತಾಯಿ. ಹೋಯ್ತು ಹೋಯ್ತು ಕೋಳಿ. ಎಡಕ್ಕಿಬ್ಬರು ಹುಡುಗ್ಯೋರು, ಛತ್ರಿ ಹಿಡಿದು ನಿಂತೋರು, ನಿಧಾನ ಮಂದಾ ನಿಧಾನ."

ಜೀವಮಾನದಲ್ಲಿ ಮೊದಲ ಸಲ ನನ್ನ ಕಿವಿ ನನ್ನನ್ನು ಬೇರೆಲ್ಲಿಗೂ ಎಳೆದುಕೊಂಡು ಹೋಗಲಿಲ್ಲ. ಆ ಹಾಡಿನಲ್ಲಿ ದಾರಿಯ ಹೊರತು ಬೇರೇನೂ ಇರಲಿಲ್ಲ. ಅದರ ಹಿಂದೆ ಹೋದರೆ ದಾರಿಗೇ ಹೋಗಿ ಸೇರಬೇಕಿತ್ತು. ಮುಂದಿನ ಸಾಲೇನೆಂದು ಕಾಯುವುದೂ ಮುಂದಿನ ತಿರುವೇನೆಂದು ನೋಡುವುದೂ ನನಗೆ ಒಂದೇ ಆಗಿಹೋಯಿತು. ಅತ್ತಿಗೆ ಉಸಿರು ತೆಗೆದುಕೊಳ್ಳುವಾಗ ನಾನೂ ತೆಗೆದುಕೊಂಡೆ. ಹಿಂದಿನಿಂದ ಗೊರಗೊರ ಸದ್ದು ಬರುತ್ತಲೇ ಇತ್ತು, ಅದು ಬರುತ್ತಿದೆಯಲ್ಲ ಎಂಬುದೇ ಸಮಾಧಾನವಾಗಿತ್ತು.

ಹಳದಿ ಸೇತುವೆ ಬಂತು. ಅತ್ತಿಗೆ ಅದನ್ನೂ ಹಾಡಿ ದಾಟಿಸಿದರು. ಆಚೆಗೆ ಹಾಡು ಬೇಕಿರಲಿಲ್ಲ, ಅವರು ನಿಲ್ಲಿಸಲಿಲ್ಲ, ನಿಲ್ಲಿಸಿ ಎಂದು ನಾನೂ ಹೇಳಲಿಲ್ಲ. ಹಿಂದಿನಿಂದ ನನ್ನ ಗಂಡ ತುಂಡು ತುಂಡಾಗಿ ಹೇಳಿದರು, "ಅಂಬಕ್ಕಾ... ಸೇತುವೆ ದಾಟ್ತು ಕಣೇ."

"ದಾಟ್ಲಿ. ಈ ಲಾರಿ ಹೋಗ್ಲಿ ಮೊದ್ಲು" ಎಂದು ಅತ್ತಿಗೆ ಅದನ್ನೂ ಅದೇ ಧಾಟಿಯಲ್ಲೇ ಹಾಡಿದರು.

ಆಸ್ಪತ್ರೆಯಲ್ಲಿ ಅವರನ್ನು ಕೂಡಲೇ ಒಳಗೆ ಕರೆದುಕೊಂಡರು. ಎಷ್ಟೋ ಹೊತ್ತಿನ ಮೇಲೆ ನರ್ಸಮ್ಮ ಹೊರಗೆ ಬಂದು, "ಉಸಿರಾಟ ಸರಿಹೋಗ್ತಿದೆ. ಇನ್ನೂ ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು" ಎಂದಾಗ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಅತ್ತಿಗೆಯ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ನಾನು ಕ್ಯಾಂಟೀನಿನಿಂದ ಬಿಸಿನೀರು ತಂದುಕೊಟ್ಟೆ.

"ಎಲ್ಲಿ ಕಲಿತ್ರಿ ಅತ್ತಿಗೆ ಇದನ್ನ?"

ಅವರು ಪಿಸುದನಿಯಲ್ಲಿ ಹೇಳಿದರು. ಅವರ ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ. ಲಂಗದ ಹುಡುಗಿಯಾಗಿದ್ದಾಗ ಅಜ್ಜನ ಕೋಲಿನ ತುದಿ ಹಿಡಿದು ಕರೆದುಕೊಂಡು ಹೋಗುವ ಕೆಲಸ ಇವರದು. ಬಾಯಲ್ಲಿ ಹೇಳಿದರೆ ಮುದುಕ ಸಿಡುಕುತ್ತಿದ್ದರು, ನನಗೇನು ಅಪ್ಪಣೆ ಕೊಡುತ್ತೀಯಾ ಎನ್ನುತ್ತಿದ್ದರು. ಹಾಡಿದರೆ ಸುಮ್ಮನೆ ಕೇಳುತ್ತಿದ್ದರು. ಹಾಗಾಗಿ ಮೆಟ್ಟಿಲು, ಗುಂಡಿ, ಸಗಣಿ, ಎದುರಿಗೆ ಬಂದ ನೆಂಟರು ಎಲ್ಲವನ್ನೂ ಹಾಡಿ ತೋರಿಸುತ್ತಿದ್ದರಂತೆ. ಅಜ್ಜ ಹೋದ ಮೇಲೆ ಒಂದು ಸಲ ಭಜನೆಗೆ ಕೂತಾಗ, ಹೇಳಿಕೊಡುತ್ತಿದ್ದವರು "ನೀನು ಬರೀ ತುಟಿ ಆಡ್ಸು ಸಾಕು" ಎಂದರಂತೆ.

"ಅವತ್ತಿಂದ ಬಿಟ್ಬಿಟ್ಟೆ. ಅವರು ಹೇಳಿದ್ದು ಸುಳ್ಳೇನಲ್ವಲ್ಲ" ಎಂದು ಅತ್ತಿಗೆ ನೀರು ಕುಡಿದರು.

ನಮ್ಮ ಮನೆಗಳಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ಅಭ್ಯಾಸವಿಲ್ಲ. ಹೇಳಿದರೆ ಹೊರಗಿನವರ ಹಾಗಾಗುತ್ತದೆ. ನಾನು ಅವರ ಕೈಯಿಂದ ಖಾಲಿ ಲೋಟ ತೆಗೆದುಕೊಂಡೆ, ಮತ್ತೆ ತುಂಬಿಸಿ ತಂದೆ. ಅವರಿಗೆ ಬೇಕಿರಲಿಲ್ಲ, ಆದರೂ ಪೂರ್ತಿ ಕುಡಿದರು.

ಆಮೇಲೆ ಅದೇ ನಮ್ಮ ರೂಢಿಯಾಯಿತು. ಲಿಗೋರಿ ಮಾಸ್ಟರು ಹಿಂದೆ ಕೂತು, ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿ ನನಗೆ ಮತ್ತೆ ಅಭ್ಯಾಸ ಮಾಡಿಸಿದರು. ಒಂದೆರಡು ತಿಂಗಳ ಮೇಲೆ ಪರೀಕ್ಷೆಗೆ ಹೋದಾಗ ಆಫೀಸರಮ್ಮ ಅತ್ತಿಗೆಯನ್ನು ಕಂಡು, "ಇವರು ಯಾರು" ಎಂದರು. "ನಮ್ಮ ಹಾಡು, ಮೇಡಂ" ಎಂದೆ. ಆಫೀಸರಮ್ಮ ಸ್ವಲ್ಪ ಯೋಚಿಸಿದರು. "ಹಾಡಿರಬೇಕು ಅಂತ ಇದೆ. ಯಾರು ಹಾಡ್ಬೇಕು ಅಂತ ಎಲ್ಲೂ ಇಲ್ಲ. ನಡೀರಿ" ಎಂದು ಹಿಂದೆ ಹತ್ತಿದರು. ಅತ್ತಿಗೆ ಮೊದಮೊದಲು ಸಂಕೋಚದಿಂದ ತಗ್ಗಿದ ದನಿಯಲ್ಲಿ ಶುರುಮಾಡಿ, ಮಾರ್ಕೆಟ್ ದಾಟುವ ಹೊತ್ತಿಗೆ ಎಲ್ಲ ಮರೆತು, ತಳ್ಳುಗಾಡಿ, ನಾಯಿಮರಿ, ಹಿಂದಕ್ಕೆ ಬರುತ್ತಿದ್ದ ವ್ಯಾನು ಎಲ್ಲವನ್ನೂ ಹಾಡಿದರು. ಹಿಂದಿನಿಂದ ಟಪ್ಪೆಂದು ಸದ್ದಾದಾಗ, "ಮೇಡಮ್ಮನ ಪೆನ್ನು ಬಿತ್ತು, ನೀ ಹಿಂದೆ ನೋಡಬೇಡ ಮಂದಾ" ಎಂದೂ ಹಾಡಿದರು. ನಾನು ಹಿಂದೆ ನೋಡಲಿಲ್ಲ. ಅವತ್ತು ಆಫೀಸರಮ್ಮ ನಕ್ಕಿದ್ದು ಕನ್ನಡಿಯಲ್ಲಿ ಕಾಣಿಸಿತು. ನನಗೆ ಲೈಸೆನ್ಸ್ ಸಿಕ್ಕಿತು.

ಆ ಮೇಲಿನ ವರ್ಷಗಳನ್ನು ನೆನೆದರೆ ನನಗೆ ಕಾಯಿಲೆಗಿಂತ ಹೆಚ್ಚಾಗಿ ಆ ದಾರಿಯೇ ನೆನಪಾಗುತ್ತದೆ. ವಾರಕ್ಕೆ ಮೂರು ಸಲ ನಾವು ಮೂವರು ಗುಡ್ಡ ಇಳಿದೆವು, ಗುಡ್ಡ ಹತ್ತಿದೆವು. ಬರುವಾಗ ನನ್ನ ಗಂಡ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎದ್ದು ನೋಡುವ ಶಕ್ತಿ ಇರುತ್ತಿರಲಿಲ್ಲ, ಆದರೂ ದಾರಿಯಲ್ಲಿ ಆದದ್ದೆಲ್ಲ ಅವರಿಗೆ ಗೊತ್ತಿರುತ್ತಿತ್ತು. "ಆ ಎಳನೀರಿನವನ ಮಗಳಿಗೆ ಮದ್ವೆ ಆಯ್ತಾ ಅಕ್ಕ, ಇವತ್ತು ಅವಳನ್ನ ಹಾಡ್ಲಿಲ್ಲ ನೀನು" ಎನ್ನುತ್ತಿದ್ದರು. ರಸ್ತೆಗೆ ಹೊಸದಾಗಿ ಟಾರು ಹಾಕಿದಾಗ ಅತ್ತಿಗೆಗೆ ಹಾಡಲು ಗುಂಡಿಗಳೇ ಇಲ್ಲದೆ ಬೇಸರವಾಗಿ, ಮರಗಳನ್ನು ಹಾಡತೊಡಗಿದರು. ತಿರುವಿನಲ್ಲಿ ನಿಂತ ಹೂವಿನ ಹುಡುಗಿಯರು ಅತ್ತಿಗೆಗೆ ಕೈಬೀಸಿ, ನಮ್ಮನ್ನೂ ಹಾಡಿ ಎಂದು ಕೂಗುತ್ತಿದ್ದರು. ಊರಿನಲ್ಲಿ ಬೇರೆ ಕೆಲವರೂ ಹೀಗೆ ಶುರು ಮಾಡಿದರು. ಹೊಸದಾಗಿ ಕಲಿಯುವವರ ಪಕ್ಕದಲ್ಲಿ ಅಮ್ಮನೋ ಚಿಕ್ಕಪ್ಪನೋ ಕೂತು ದಾರಿ ಹಾಡುವುದನ್ನು ನೀವು ಬಂದರೆ ಕಾಣಬಹುದು. ನಮ್ಮ ಮನೆಯಲ್ಲಿ ಅತ್ತಿಗೆ ನನ್ನ ಪಾಠದ ಹೊತ್ತಿನಲ್ಲಿ ಹಿತ್ತಲಿಗೆ ಹೋಗುವುದನ್ನು ಬಿಟ್ಟರು. ಹಾಲಿನಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಕ್ಕಳಲ್ಲಿ ಯಾರಿಗಾದರೂ ಸ್ವರ ಹತ್ತದೆ ಅಳು ಬಂದರೆ, ಅವರು ಆ ಮಗುವನ್ನು ಹತ್ತಿರ ಕರೆದು ಬೆಲ್ಲ ಕೊಡುತ್ತಿದ್ದರು.

ಒಂದು ಸಲ ಮನೆಗೆ ಬಂದು ಇಳಿಸುವಾಗ ನನ್ನ ಗಂಡ ನನ್ನ ಭುಜ ಹಿಡಿದು ನಿಂತು ಹೇಳಿದರು, "ಮಂದಾ, ಈ ಕಾಯಿಲೆ ಬರ್ದೆ ಇದ್ದಿದ್ರೆ ನಾನು ಹಲ್ಲುಪುಡಿ ಹಾಡ್ಕೊಂಡೇ ಹೋಗ್ಬಿಡ್ತಿದ್ದೆ. ನಮ್ಮಕ್ಕ ಹಾಡೋದು ಕೇಳ್ತಾನೇ ಇರ್ಲಿಲ್ಲ." ಅತ್ತಿಗೆ ದಿಂಬು ಎತ್ತಿಕೊಂಡು ಮುಂದೆ ಹೋಗುತ್ತಿದ್ದರು, ಕೇಳಿಸಿಕೊಂಡರೋ ಇಲ್ಲವೋ.

ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಕಾಲ ನನ್ನ ಗಂಡ ನಮ್ಮ ಜೊತೆ ಇದ್ದರು. ಒಂದು ಮಧ್ಯಾಹ್ನ ಮನೆಯಲ್ಲೇ, ಮೊಸರನ್ನ ತಿಂದು ಒರಗಿದವರು ಎದ್ದೇಳಲಿಲ್ಲ. ನೋವಿಲ್ಲದೆ ಹೋದರು. ಅದಕ್ಕೂ ನಾನು ದೇವರಿಗೆ ಕೈಮುಗಿದೆ.

ಕಾರಿನ ಮೇಲೆ ಹಳೆಯ ಜಮಖಾನ ಹೊದಿಸಿ ಬಿಟ್ಟೆವು. ಮಾರಿಬಿಡೋಣವೇ ಎಂದು ಒಂದು ಸಲ ಕೇಳಿದೆ. "ನಿನ್ನಿಷ್ಟ" ಎಂದರು ಅತ್ತಿಗೆ. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮೊದಲು ಆಸ್ಪತ್ರೆಗೆ ಹೋಗುತ್ತಿದ್ದ ವಾರದ ಆ ಮೂರು ದಿನ ಅತ್ತಿಗೆ ಆಗಲೂ ಬೆಳಿಗ್ಗೆ ಬೇಗ ಎದ್ದು, ನೀರಿನ ಬಾಟಲಿ ತುಂಬಿಸಿ, ಆಮೇಲೆ ಅದನ್ನು ತುಳಸಿ ಗಿಡಕ್ಕೆ ಹಾಕುತ್ತಿದ್ದರು.

ಮೇಲಿನ ಬೀದಿಯ ಟೈಲರ್ ದೇವೋಜಿ ಬಂದದ್ದು ಅಂಥದ್ದೇ ಒಂದು ಬೆಳಿಗ್ಗೆ. ಅವರ ಹೆಂಡತಿ ಯಶೋದಾಗೂ ಅದೇ ಕಾಯಿಲೆ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದರಂತೆ, ಹಿಂದಿನ ದಿನ ಬಸ್ಸಿನಲ್ಲಿ ಪ್ರಜ್ಞೆ ತಪ್ಪಿತಂತೆ. ಅವರು ನಮ್ಮನ್ನು ಕಾರಿನ ವಿಷಯ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು, ಊಟಕ್ಕೆ ಏನು ಕೊಡಬೇಕು ಎಂದಷ್ಟೇ ಕೇಳಿ, ಬಾಗಿಲಲ್ಲಿ ನಿಂತೇ ಇದ್ದರು. ಒಳಗೆ ಬನ್ನಿ ಎಂದು ನಾನು ಹೇಳುವಷ್ಟರಲ್ಲಿ ಅತ್ತಿಗೆ ಅಂಗಳಕ್ಕಿಳಿದು ಕಾರಿನ ಜಮಖಾನ ಎಳೆಯುತ್ತಿದ್ದರು.

"ಯಶೋದನ್ನ ಕರ್ಕೊಂಡು ಬಾರಪ್ಪ. ದಿಂಬು ತರ್ಬೇಡ, ನಮ್ಮದೇ ಇದೆ" ಎಂದರು.

ದೇವೋಜಿ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಗಂಡ ಹೆಂಡತಿ ಬಂದು ಹಿಂದೆ ಕೂತರು. ಅತ್ತಿಗೆ ಮುಂದಿನ ಸೀಟಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತರು. ನಾನು ಕೀ ತಿರುಗಿಸಿ ಸ್ಟೀರಿಂಗ್ ಹಿಡಿದೆ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ಅಲ್ಲಿ ಬೇರೆಯವರ ಮುಖ, ಅದೇ ದಿಂಬು. ಮುಂದಿನ ಗಾಜು ಮಂಜು ಹಿಡಿದ ಹಾಗಾಯಿತು. ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಮುಂದೆ ನೋಡುತ್ತಲೇ ತಮ್ಮ ಒಡಕು ದನಿಯನ್ನು ತೆಗೆದರು.

"ಗೇಟು ತೆಗೆದಿದೆ ಮಂದಾ, ಬೀದಿ ಖಾಲಿ ಇದೆ ಮಂದಾ. ಗಾಡಿ ಬಿಡೋಳ ಕಣ್ಣು ತುಂಬಿದೆ, ಸ್ವಲ್ಪ ಕಾಯ್ರಪ್ಪ ಹಿಂದೆ ಕೂತೋರು. ಒರೆಸ್ಕೊಳ್ಳಲಿ, ಒರೆಸ್ಕೊಳ್ಳಲಿ, ಆಮೇಲೆ ಹೋಗೋಣ ಮಂದಾ."

ಹಾಡು ಕೇಳಿ ಕಾರು ಮುಂದಕ್ಕೆ ತುಯ್ಯುತ್ತಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಬ್ರೇಕಿನ ಮೇಲಿಂದ ಕಾಲು ತೆಗೆದೆ.